ಕುಡಿಯದವನು ಬರೆದ ವೈನು

ನಾನು ವೈನ್ ಕುಡಿಯುವವನಲ್ಲ. ಅಪ್ಪನ ಕುಡಿತ ನೋಡಿಕೊಂಡು ಬೆಳೆದವನು, ಗ್ಲಾಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಆದರೂ ಎರಡು ಸಾವಿರದ ಇಸವಿ ದಾಟಿದ ಮೊದಲ ದಶಕದ ಕೊನೆಯ ಕೆಲವು ವರ್ಷ ಪ್ರಪಂಚದ ವೈನುಗಳ ಬಗ್ಗೆ ಬರೆದೆ, ಬರೆದವರನ್ನು ತಿದ್ದಿದೆ, ತಿದ್ದಬೇಡ ಅಂದವರ ಜೊತೆ ಜಗಳವಾಡಿದೆ. ಇದೆಲ್ಲ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರಿನಲ್ಲಿ, ಫ್ಯಾಕ್ಟರಿಯ ಮೊದಲ ಶಿಫ್ಟ್ ಮುಗಿಸಿ, ಗ್ರೀಸ್ ವಾಸನೆಯ ಅಂಗಿಯಲ್ಲೇ ಕೂತು.

"ಅಲ್ರೀ, ಮಜ್ಜಿಗೆ ಒಂಚೂರು ಹುಳಿಯಾದ್ರೆ ಮುಖ ಕಿವುಚ್ತೀರಾ, ನಿಮಗ್ಯಾಕ್ರೀ ಬೇಕು ಕಂಡೋರ ದೇಶದ ದ್ರಾಕ್ಷಿ ರಸ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳಿಗೆ ಹೇಳಿ ಅರ್ಥ ಮಾಡಿಸುವಷ್ಟು ತಾಳ್ಮೆ ನನಗಿರಲಿಲ್ಲ. ಅದಕ್ಕೂ ಮುಂಚೆ ನಾನು ಒಂದು ಆನ್‌ಲೈನ್ ವಿಶ್ವಕೋಶದಲ್ಲಿ ಸಂಪಾದಕನಾಗಿ ಪಳಗಿದ್ದೆ. ಸಂಬಳವಿಲ್ಲ, ಹೆಸರೂ ಇಲ್ಲ. ಯಾರು ಬೇಕಾದರೂ ಪುಟ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಹಳೆಯದೆಲ್ಲ ಪುಟದ ಹಿಂದಿನ 'ಇತಿಹಾಸ'ದಲ್ಲಿ ಉಳಿದೇ ಇರುತ್ತದೆ. ಯಾರಾದರೂ ಕೆಡಿಸಿದರೆ ಹಿಂದಕ್ಕೆ ಹೋಗಿ ಸರಿಯಿದ್ದದ್ದನ್ನು ಎತ್ತಿ ತಂದರಾಯಿತು. ಎಲ್ಲಿಂದಲೋ ಎಲ್ಲಿಗೋ ಬಂದು ಬಿದ್ದ ನಮ್ಮಂಥ ಕೋಲಾರದ ಕಡೆಯವರಿಗೆ, ಏನೂ ಕಳೆದುಹೋಗದ ಒಂದು ಜಾಗ ಇದೆ ಅನ್ನುವುದೇ ದೊಡ್ಡ ಸಮಾಧಾನವಾಗಿತ್ತು.

ಎಲ್ಲೋ ದೂರದ ದೇಶದ ಒಬ್ಬಾತ ವೈನಿಗೇ ಅಂತ ಅಂಥದ್ದೊಂದು ತಾಣ ಶುರು ಮಾಡಿದ್ದ. ಕುಡಿಯುವವರು ಬೇಕಾದಷ್ಟಿದ್ದಾರೆ, ಪುಟ ಕಟ್ಟಲು ಬಲ್ಲವರಿಲ್ಲ, ನೀನು ಬಾ ಎಂದು ಕರೆದ. ನಾನು ಹೋಗಿ ನೋಡಿದರೆ ಅಯ್ಯೋ, ಸಂತೆ! ಒಬ್ಬ ತನ್ನ ಅಂಗಡಿ ಹೊಗಳಿದ್ದಾನೆ, ಇನ್ನೊಬ್ಬ ತನ್ನ ಮದುವೆಯಲ್ಲಿ ಕುಡಿದ ಬಾಟಲಿಯ ಕಥೆ ಹೇಳಿದ್ದಾನೆ. ನಾನು ತಲೆಬರಹ ಹಾಕಿದೆ, ಜಾಹೀರಾತು ಕಿತ್ತೆಸೆದೆ, ನಿಯಮಗಳ ಪುಟ ಬರೆದೆ. ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾಗದ ಮಾತು ಇಲ್ಲಿ ನಿಲ್ಲುವುದಿಲ್ಲ ಅನ್ನುವುದು ಅದರಲ್ಲಿ ಮೊದಲನೆಯದು. ಎಲ್ಲರೂ ಒಪ್ಪಿದರು.

ಬಾಗಲೂರು ರಸ್ತೆಯ ನಮ್ಮ ಬೀದಿಯ ಕೊನೆ ಮನೆಯಲ್ಲಿ ಒಬ್ಬ ಮುದುಕಿಯಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾದ ಕ್ರೈಸ್ತ ಹೆಂಗಸು. ಬೀದಿಯವರಿಗೆಲ್ಲ ನರ್ಸಮ್ಮ. ತಮಿಳರ ಹತ್ತಿರ ತಮಿಳು, ಹೂವಿನವಳ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ. ಬಯ್ಯುವಾಗ ಮಾತ್ರ ಮೂರೂ. ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಬಾಗಲೂರು ತೋಟಗಳ ಕರೀ ದ್ರಾಕ್ಷಿ ತರಿಸಿ, ದೊಡ್ಡ ಪಿಂಗಾಣಿ ಜಾಡಿಯಲ್ಲಿ ವೈನ್ ಹಾಕುತ್ತಿದ್ದರು. ಅವರಮ್ಮನಿಂದ ಕಲಿತದ್ದು. ಒಂದು ಪುಟ್ಟ ಬಾಟಲಿ ನಮ್ಮ ಮನೆಗೂ ಬರುತ್ತಿತ್ತು. ನಾನು ಅದನ್ನು ಹಾಗೆಯೇ ಫ್ಯಾಕ್ಟರಿಯ ಗೆಳೆಯನಿಗೆ ಕೊಟ್ಟುಬಿಡುತ್ತಿದ್ದೆ.

"ಏನ್ಲಾ, ನಾಲ್ಗೆ ಮೇಲೆ ಒಂದ್ ತೊಟ್ಟು ಬಿಟ್ಕೊಳ್ದೆ ಊರೋರ್ ವೈನ್ಗೆಲ್ಲಾ ಮಾರ್ಕ್ಸ್ ಹಾಕ್ತೀಯಂತೆ! ನಾಚ್ಕೆ ಆಗಲ್ವಾ?"

"ಮಾರ್ಕ್ಸ್ ಹಾಕಲ್ಲ ನರ್ಸಮ್ಮ. ತಪ್ಪಿದ್ರೆ ತಿದ್ತೀನಿ, ಅಷ್ಟೇ."

"ಅದು ಇನ್ನೂ ಅನ್ಯಾಯ ಕಣ್ಲಾ."

ಒಂದು ವರ್ಷ ಅವರ ಕೈ ನಡುಗತೊಡಗಿತು. ಒಬ್ಬಳೇ ಮಗಳು ಕೃಷ್ಣಗಿರಿಯಲ್ಲಿ ಮದುವೆಯಾಗಿದ್ದವಳು, ವೈನ್ ಹಾಕುವ ಹೊತ್ತಿಗೆ ಇರುತ್ತಿರಲಿಲ್ಲ, ಕುಡಿಯುವ ಹೊತ್ತಿಗೆ ಬರುತ್ತಿದ್ದಳು. ನರ್ಸಮ್ಮ ನನ್ನನ್ನು ಕರೆದು, "ನಾನ್ ಹೇಳ್ತೀನಿ, ನೀನ್ ಬರ್ಕೋ. ನಿನ್ ಕಂಪ್ಯೂಟರ್‌ನಾಗೆ ಹಾಕು. ನನ್ ಮಗಳೂ ನೋಡ್ಲಿ, ಕಂಡೋರೂ ನೋಡ್ಲಿ. ನಮ್ಮಮ್ಮಂದು ಮಣ್ಣಾಗ್ಬಾರ್ದು" ಅಂದರು.

ಆ ವರ್ಷದ ವೈನನ್ನು ಅವರು ಹೇಳಿದಂತೆ ನಾನೇ ಹಾಕಿದೆ. ದ್ರಾಕ್ಷಿ ತೊಳೆದು ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿದ್ದು, ಕೈಯಲ್ಲಿ ಕಿವುಚಿದ್ದು, ಸಕ್ಕರೆ, ಕುಟ್ಟಿದ ಗೋಧಿ, ಲವಂಗ, ಚಕ್ಕೆ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದ್ದು, ಮರದ ಸೌಟಿನಲ್ಲಿ ದಿನಾ ಕಲಕಿದ್ದು. ಸೋಸುವ ದಿನ ಅವರು ಇನ್ನೊಂದು ಏನೋ ಮಾಡಿಸಿದರು. "ಇದನ್ನ ಮಾತ್ರ ಮರೀಬೇಡ, ಇದೇ ನಮ್ಮಮ್ಮನ್ ಕೈ" ಅಂದರು. ಎಲ್ಲ ಒಂದು ಚೀಟಿಯಲ್ಲಿ ಗೀಚಿಕೊಂಡೆ.

ಮರುದಿನವೇ ಪುಟ ಕಟ್ಟಿದೆ. ನಾನು ಬರೆದ ಪುಟಗಳಲ್ಲೆಲ್ಲ ಅಷ್ಟು ಚಂದದ್ದು ಇನ್ನೊಂದಿಲ್ಲ. ಉಳಿಸುವ ಗುಂಡಿ ಒತ್ತಿ, ಚೀಟಿಯನ್ನು ಅಲ್ಲೇ ಬುಟ್ಟಿಗೆ ಎಸೆದೆ. ಪುಟ ಬಂದ ಮೇಲೆ ಚೀಟಿ ಇಟ್ಟುಕೊಳ್ಳುವುದು ನಮ್ಮಂಥ ಸಂಪಾದಕರ ಅಭ್ಯಾಸವಲ್ಲ.

"ಪೇಪರ್‌ನಾಗೂ ಒಂದ್ ಕೊಡಪ್ಪಾ, ಮಗಳಿಗೆ ಇಟ್ಟಿರ್ತೀನಿ" ಅಂದರು ನರ್ಸಮ್ಮ.

"ಪೇಪರ್ ಹರ್ದೋಗುತ್ತೆ ನರ್ಸಮ್ಮ. ಇದು ಎಲ್ಲೂ ಹೋಗಲ್ಲ."

ಅಷ್ಟರಲ್ಲೇ ಒಬ್ಬ ಶಿಸ್ತಿನ ಸಂಪಾದಕ ಪುಟದ ನೆತ್ತಿಗೆ ಪಟ್ಟಿ ಅಂಟಿಸಿದ. ಇದಕ್ಕೆ ಆಧಾರವೇನು, ಎಲ್ಲಿ ಅಚ್ಚಾಗಿದೆ, ಯಾರೋ ಹೇಳಿದ್ದು ನಡೆಯುವುದಿಲ್ಲ. ಕೆಳಗೆ ನಿಯಮದ ಕೊಂಡಿ ಕೊಟ್ಟಿದ್ದ. ನನ್ನದೇ ನಿಯಮ! ವಾದ ಮಾಡಲು ಕೂತರೆ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಪುಟ ಅಳಿಸಿದರು. ನನಗೆ ಕೋಪ ಬಂತು, ಭಯ ಬರಲಿಲ್ಲ. ಅಳಿಸುವುದು ಅಂದರೆ ಪರದೆ ಎಳೆದಂತೆ ಅಷ್ಟೇ, ಆಧಾರ ತೋರಿಸಿದರೆ ನಿರ್ವಾಹಕರು ಮತ್ತೆ ತೆರೆಯುತ್ತಾರೆ.

ಆಧಾರ ಹುಟ್ಟಿಸಲು ಒಬ್ಬ ತಮಿಳು ಪತ್ರಿಕೆಯ ವರದಿಗಾರನನ್ನು ಹಿಡಿದೆ. ನಾಲ್ಕು ಸಾಲು ಅಚ್ಚಾದರೂ ಸಾಕಿತ್ತು. ಅವನು ಟೀ ಲೋಟ ಕೆಳಗಿಟ್ಟು, "ವೇಂಡಾಂ ಸಾರ್, ಬೇಡ" ಅಂದ. "ಲೈಸೆನ್ಸ್ ಇಲ್ದೆ ಮನೇಲಿ ವೈನ್ ಹಾಕ್ತಾರೆ ಅಂತ ನಾನ್ ಬರೆದ್ರೆ ನಾಳೆ ಪೊಲೀಸ್ ಆ ಅಮ್ಮನ ಮನೆ ಮುಂದೆ ನಿಂತಿರ್ತಾರೆ. ಬೇಕಾ ನಿಮಗೆ?" ಬೇಡ ಅಂದೆ. ಅಚ್ಚಾಗದೆ ಪುಟ ಇಲ್ಲ, ಅಚ್ಚಾದರೆ ನರ್ಸಮ್ಮನಿಗೆ ಕಂಟಕ. ಎತ್ತ ಹೋದರೂ ಗೋಡೆ.

ಪುಟವನ್ನು ಸ್ವಲ್ಪ ದಿನ ತಡೆದಿದ್ದಾರೆ ಅಂತಷ್ಟೇ ನರ್ಸಮ್ಮನಿಗೆ ಹೇಳಿದ್ದೆ. "ಬಂತೇನ್ಲಾ?" ಎಂದು ಕಂಡಾಗಲೆಲ್ಲ ಕೇಳುವರು. "ಬರುತ್ತೆ ನರ್ಸಮ್ಮ, ಒಳಗಡೆ ಐತೆ" ಅನ್ನುತ್ತಿದ್ದೆ. ಸುಳ್ಳೇನಲ್ಲ.

ಆಮೇಲೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಅರ್ಧ ಬಿದ್ದುಹೋಯಿತು. ಕಷ್ಟಪಟ್ಟರೆ ಒಂದೊಂದೇ ಮಾತು ಬರುತ್ತಿತ್ತು. ಭಾನುವಾರಗಳಲ್ಲಿ ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ಫ್ಯಾಕ್ಟರಿ ಕ್ಯಾಂಟೀನಿನ ಸಾಂಬಾರು, ಜೂಜುವಾಡಿ ಚೆಕ್ ಪೋಸ್ಟಿನ ಲಾರಿಗಳ ಸಾಲು, ಏನೇನೋ ಹರಟುತ್ತಿದ್ದೆ. ಸೋಸುವ ದಿನ ಏನು ಮಾಡಿಸಿದಿರಿ ಅಂತ ಒಂದು ಮಾತು ಕೇಳಲಿಲ್ಲ. ಯಾಕೆ ಕೇಳಲಿ? ಒಳಗಡೆ ಇತ್ತಲ್ಲ! ಮಳೆಗಾಲ ಮುಗಿಯುವ ಮುಂಚೆ ಅವರು ಹೋಗಿಬಿಟ್ಟರು.

ಅಷ್ಟು ಹೊತ್ತಿಗೆ ತಾಣವೂ ಹಳಸಿತ್ತು. ಬರೆಯುವವರು ಒಬ್ಬೊಬ್ಬರಾಗಿ ಬಿಟ್ಟರು. ಜೂಜಿನ, ಮಾತ್ರೆಗಳ ಜಾಹೀರಾತು ಹುಳದಂತೆ ನುಗ್ಗಿತು. ನಾನೊಬ್ಬನೇ ದಿನಾ ಸಂಜೆ ಗುಡಿಸುತ್ತಿದ್ದೆ, ಮರುದಿನ ಅಷ್ಟೇ ಕಸ ಬಿದ್ದಿರುತ್ತಿತ್ತು. ಒಂದು ದಿನ ವಿಳಾಸ ಒತ್ತಿದರೆ ತಾಣವೇ ಇಲ್ಲ. ಸ್ಥಾಪಕನಿಗೆ ಮೇಲ್ ಮೇಲೆ ಮೇಲ್ ಹಾಕಿದೆ. ಕೊನೆಗೊಮ್ಮೆ ಉತ್ತರ ಬಂತು: ಸಾಕಾಯಿತು, ಮುಚ್ಚಿದೆ, ಪ್ರತಿ ಇಟ್ಟುಕೊಂಡಿಲ್ಲ, ಕ್ಷಮಿಸು. ಆಧಾರ ಇದ್ದದ್ದು, ಇಲ್ಲದ್ದು, ಎಲ್ಲ ಒಟ್ಟಿಗೇ ಹೋಗಿತ್ತು. ಸೆಂಟರಿನ ಕುರ್ಚಿಯಲ್ಲಿ ಕೂತು ತಲೆ ಚಚ್ಚಿಕೊಂಡೆ.

ಆ ಕ್ರಿಸ್‌ಮಸ್ಸಿಗೆ ಮುಂಚೆ ನರ್ಸಮ್ಮನ ಮಗಳು ಬಂದಳು. "ಅಣ್ಣಾ, ವೈನ್ ಹಾಕೋದು ಹೇಳ್ಕೊಡು ಅಂತ ನಾನ್ ಕೇಳಿದ್ರೆ ಅಮ್ಮ, 'ಅವನ್ ಹತ್ರ ಐತೆ, ಭದ್ರವಾಗೈತೆ' ಅಂತಿದ್ರು. ಕೊಡ್ತೀರಾ?" ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೆನಪಿದ್ದಷ್ಟು ಹೇಳಿದೆ. ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ, ಚಕ್ಕೆ, ಬಟ್ಟೆ, ಸೌಟು. ಸೋಸುವ ದಿನದ್ದು ಎಷ್ಟು ತಿಣುಕಿದರೂ ಬರಲಿಲ್ಲ. ಕಿವಿಯಲ್ಲಿ ಉಳಿದದ್ದು "ಇದನ್ನ ಮಾತ್ರ ಮರೀಬೇಡ" ಅನ್ನುವ ದನಿ ಮಾತ್ರ. ಅವಳು ಅಮ್ಮನ ಜಾಡಿ ತೆಗೆದುಕೊಂಡು ಕೃಷ್ಣಗಿರಿಗೆ ಹೋದಳು.

ಹಬ್ಬ ಕಳೆದ ಮೇಲೆ ಪುಟ್ಟ ಬಾಟಲಿಯೊಂದಿಗೆ ಮತ್ತೆ ಬಂದಳು. "ಅಮ್ಮಂದ್ ತರ ಇಲ್ಲ ಅಣ್ಣಾ. ಏನೋ ಒಂದ್ ಬಿಟ್ಟೋಗೈತೆ. ನೀವು ವೈನ್ ಬಗ್ಗೆ ಅಷ್ಟೊಂದ್ ಬರೆದೋರು, ಕುಡ್ದು ನೋಡಿ, ಏನು ಅಂತ ಹೇಳಿ" ಎಂದು ಲೋಟಕ್ಕೆ ಬಗ್ಗಿಸಿದಳು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಮೊದಲ ಸಲ ಕುಡಿದೆ. ಸಿಹಿ ಇತ್ತು, ಹಿಂದೆಯೇ ಒಗರು, ಆಮೇಲೆ ಗಂಟಲಲ್ಲಿ ಬಿಸಿ.

"ಅಮ್ಮಂದ್ಕೂ ಇದ್ಕೂ ಏನ್ ವ್ಯತ್ಯಾಸ ಅಣ್ಣಾ?"

"ಗೊತ್ತಿಲ್ಲಮ್ಮ. ಅಮ್ಮಂದು ನಾನು ಕುಡಿದಿಲ್ಲ."

"ಒಂದ್ ಸಲಾನೂ?"

"ಒಂದು ಸಲಾನೂ ಇಲ್ಲ."

ಅವಳು ನನ್ನನ್ನು ನೋಡಿದಳು. ಬಯ್ಯುತ್ತಾಳೇನೋ ಅಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು. ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿಗೆ ಹೊತ್ತಾಯಿತು, ಬತ್ತೀನಣ್ಣಾ ಅಂದಳು.