ತಾನೇ ಬಿಟ್ಟವಳು

ನಾರ್ತ್ ಕೆರೊಲಿನಾದ ಬೆಟ್ಟದ ತಪ್ಪಲಿನ ಆ ಊರಿನ ಕಾಲುಚೀಲದ ಗಿರಣಿಯಲ್ಲಿ ವರ್ನೀಸ್ ಟೀಗ್ ತನ್ನ ತಾಯಿ ಕೂತಿದ್ದ ಸಾಲಿನಲ್ಲೇ ಕೂತು, ಕಾಲುಚೀಲಗಳ ಬೆರಳತುದಿ ಹೊಲಿಯುತ್ತ ತಲೆ ನರೆಸಿಕೊಂಡಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಪಕ್ಕದ ಯಂತ್ರದ ಟ್ವೈಲಾಳೇ ಮಗಳಂತಾಗಿದ್ದಳು. ಅವಳಿಗೆ ಕೆಲಸ ಕಲಿಸಿದವಳೂ, ಬಸುರಿ ಮಾಡಿ ಓಡಿಹೋದವನಿಗೆ ಹಿಡಿಶಾಪ ಹಾಕಿದವಳೂ, ಹೆರಿಗೆಗೆ ಆಸ್ಪತ್ರೆ ಸೇರಿಸಿದವಳೂ ವರ್ನೀಸಳೇ.

ಆ ಚಳಿಗಾಲ ಹೊರದೇಶದ ಅಗ್ಗದ ಕಾಲುಚೀಲಗಳು ಅಂಗಡಿಗಳನ್ನು ತುಂಬಿದವು. ಗಿರಣಿಗೆ ಬರುವ ಆರ್ಡರುಗಳು ಕರಗಿದವು. ಒಂದು ಬೆಳಿಗ್ಗೆ ಮೇಸ್ತ್ರಿ ಹಾರ್ಲನ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಸಾಲಿನ ಮುಂದೆ ನಿಂತ.

"ನಿಮ್ಮಲ್ಲೊಬ್ರು ಹೋಗ್ಬೇಕಂತೆ. ಕೊನೇಲಿ ಸೇರಿದವ್ರು ಮೊದ್ಲು."

ಕೊನೆಯಲ್ಲಿ ಸೇರಿದ್ದವಳು ಟ್ವೈಲಾ. ಅವಳ ಮುಖ ಸುಣ್ಣದಂತಾಯಿತು.

"ಎಳೇ ಕೂಸಿನ ಹಾಲಿಗೆ ಕಲ್ಲು ಹಾಕ್ತೀಯೇನೋ ಹಾರ್ಲನ್?" ವರ್ನೀಸ್ ಎದ್ದು ನಿಂತಳು. "ನಾನೇ ಬಿಡ್ತೀನಿ, ಬರ್ಕೋ."

"ಬೇಡ, ಮಿಸ್ ವರ್ನೀಸ್..."

"ಸುಮ್ನಿರೇ ಹುಡುಗಿ. ನನ್ನ ಸೊಂಟ ಯಾವತ್ತೋ ಕೈಕೊಟ್ಟಿದೆ."

ಭಾನುವಾರ ಪಾದ್ರಿ ಪ್ರಾರ್ಥನೆಯ ನಡುವೆ ಅವಳ ಹೆಸರೆತ್ತಿ ಹೊಗಳಿದರು.

ವಸಂತ ಬರುವಷ್ಟರಲ್ಲಿ ಗಿರಣಿಗೇ ಬೀಗ ಬಿತ್ತು. ಹೊರಗಿನ ಸರಕು ಬಂದು ಕೆಲಸ ಹೋದವರಿಗೆ ಸರ್ಕಾರವೇ ಹೊಸ ಕಸುಬು ಕಲಿಸುತ್ತದೆ, ಕಲಿಯುವಷ್ಟು ಕಾಲ ಭತ್ಯೆಯನ್ನೂ ಕೊಡುತ್ತದೆ, ಮೂವರು ಕೆಲಸಗಾರರು ಸೇರಿ ವಾಷಿಂಗ್ಟನ್ನಿಗೆ ಅರ್ಜಿ ಹಾಕಿದರೆ ಸಾಕು ಎಂದು ವರ್ನೀಸಳ ಕಿವಿಗೆ ಬಿತ್ತು. ಅವಳು ಮನೆಮನೆ ತಿರುಗಿದಳು.

"ಸರ್ಕಾರ ನಮ್ಮಂಥೋರ ಕಡೆ ಯಾವತ್ತು ತಿರುಗಿ ನೋಡಿದೆ?" ಎಂದು ಬಣ್ಣದ ವಿಭಾಗದ ಡ್ಯೂಯಿ ಮೂಗು ಮುರಿದ.

"ಕೊಡದಿದ್ರೆ ಬಿಡ್ಲಿ. ಕೇಳೋಕೇನೋ ನಿಂಗೆ ರೋಗ? ಸಹಿ ಹಾಕು."

ಡ್ಯೂಯಿ ಹಾಕಿದ, ಟ್ವೈಲಾ ಹಾಕಿದಳು, ಹಾರ್ಲನ್ ಹಾಕಿದ. ಎಲೆ ಉದುರುವ ಕಾಲಕ್ಕೆ ಅರ್ಜಿ ಮಂಜೂರಾಯಿತು. ಚರ್ಚಿನ ಅಂಗಳದಲ್ಲಿ ಹಂದಿ ಸುಟ್ಟು ಊರೆಲ್ಲ ಉಂಡಿತು.

ಆಮೇಲೆ ಒಬ್ಬೊಬ್ಬರನ್ನೇ ಉದ್ಯೋಗ ಕಚೇರಿಗೆ ಕರೆದರು. ಅಲ್ಲಿನ ಹೆಂಗಸು ಮೆತ್ತಗೆ ಕೇಳಿದಳು: "ನಿಮ್ಮನ್ನ ಅವರು ತೆಗೆದ್ರಾ, ನೀವಾಗೇ ಬಿಟ್ರಾ?"

ವರ್ನೀಸ್ ನಡೆದದ್ದು ನಡೆದಂತೆ ಹೇಳಿದಳು. ತಾವಾಗಿ ಬಿಟ್ಟವರಿಗೆ ಭತ್ಯೆ, ತರಬೇತಿ ಸಿಗುವುದಿಲ್ಲ ಎಂದರು.

ಮೇಲ್ಮನವಿ ಹಾಕುವಾಗ ಹಾರ್ಲನ್ ಬಂದ. "ನಾನೇ ತೆಗ್ದೆ ಅಂತ ಹೇಳ್ಬಿಡ್ತೀನಿ."

"ಪ್ರಮಾಣ ಮಾಡಿ ಸುಳ್ಳು ಹೇಳಿ, ಭಾನುವಾರ ಯಾವ ಮುಖ ಹೊತ್ಕೊಂಡು ನನ್ನ ಪಕ್ಕ ಕೂರ್ತೀಯ?"

ವಿಚಾರಣೆಯಲ್ಲಿ ಟ್ವೈಲಾ ತಾನಾಗಿ ಎದ್ದು ನಿಂತಳು. "ಸ್ವಾಮಿ, ಇವ್ರು ಬಿಟ್ಟಿದ್ದು ನನಗೋಸ್ಕರ. ಹೋಗ್ಬೇಕಾಗಿದ್ದು ನಾನು. ಇವ್ರಿಗೆ ಯಾರೂ ಹೋಗು ಅಂದಿರ್ಲಿಲ್ಲ!" ಎಂದು ಅಳುತ್ತ ಹೇಳಿದಳು. ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಒಳ್ಳೆಯ ಮನುಷ್ಯನೇ. ಆದರೆ ಅವಳ ಮಾತೇ ಸಾಕ್ಷಿಯಾಗಿ ಬಾಗಿಲು ಮುಚ್ಚಿತು.

ವರ್ನೀಸ್ ಕೋಳಿ ಕತ್ತರಿಸುವ ಕಾರ್ಖಾನೆ ಸೇರಿದಳು. ಮಂಜುಗಡ್ಡೆಯಂಥ ಚಳಿಯಲ್ಲಿ ನಿಂತು ನಿಂತು ಬೆರಳು ಮಡಚಲಾರದಂತಾದವು. ಟ್ವೈಲಾ ಹಲ್ಲಿನ ಡಾಕ್ಟರ ಸಹಾಯಕಿಯ ಕೆಲಸ ಕಲಿಯುತ್ತಿದ್ದಳು. ಮೊದಮೊದಲು ವಾರಕ್ಕೊಮ್ಮೆ ಮಗುವನ್ನೆತ್ತಿಕೊಂಡು ಬರುತ್ತಿದ್ದವಳು ಬರಬರುತ್ತ ಅಂಗಡಿಯಲ್ಲಿ ಕಂಡರೂ ಬೇರೆ ಸಾಲಿಗೆ ತಿರುಗತೊಡಗಿದಳು. ವರ್ನೀಸಳೂ ಕೂಗಿ ಕರೆಯಲಿಲ್ಲ. ಒಂದು ದಿನ ಕೋಳಿಯ ಕೀಲಿಗೆ ಚಾಕು ಹಾಕುತ್ತ, 'ನಿನ್ನಿಂದ ಕೆಟ್ಟೆ ಕಣೇ' ಎಂದು ತನ್ನ ಬಾಯೇ ಅಂದದ್ದು ಕೇಳಿ ಬೆಚ್ಚಿಬಿದ್ದಿದ್ದಳು.

ಶಾರ್ಲಟ್ ನಗರದಲ್ಲಿ ಕೆಲಸ ಸಿಕ್ಕು ಊರು ಬಿಡುವ ದಿನ ಟ್ವೈಲಾ ಮಗುವನ್ನೆತ್ತಿಕೊಂಡು ವರ್ನೀಸಳ ಮನೆಯ ಮೆಟ್ಟಿಲ ಬಳಿ ಬಂದು ನಿಂತಳು.

"ನೀವು ಒಂದ್ಸಲ ಬೈದುಬಿಡಿ, ಮಿಸ್ ವರ್ನೀಸ್."

"ಬೈಯೋಕೇನಿದೆ? ನೀನೇನ್ ಮಾಡಿದೀಯ?"

ಮಾತು ಸರಿಯಾಗಿಯೇ ಇತ್ತು, ದನಿ ಮಾತ್ರ ತಣ್ಣಗಿತ್ತು. ಅದು ಇಬ್ಬರಿಗೂ ಗೊತ್ತಾಯಿತು. ಮಗು ತೋಳು ಚಾಚಿತು. ವರ್ನೀಸ್ ಎತ್ತಿಕೊಳ್ಳಲು ಹೋದಳು, ಮರಗಟ್ಟಿದ ಬೆರಳುಗಳಿಗೆ ಹಿಡಿತ ಸಿಗಲಿಲ್ಲ. ಟ್ವೈಲಾ ಮಗುವನ್ನು ಮತ್ತೆ ಎದೆಗೊತ್ತಿಕೊಂಡು ಕಾರಿನತ್ತ ನಡೆದಳು.