ಕೆರೆಯಾಚೆಯ ಇನ್ನೊಂದು ನೀರು

ಅಪ್ಪ ಕೋಲಾರದ ಕಡೆಯಿಂದ ಗಡಿಯಾಚೆ ತಮಿಳುನಾಡಿನ ಹೊಸೂರಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ನಿವೃತ್ತಿಯಾದ ಮೇಲೆ ಜಲವರ್ಣದ ಹುಚ್ಚು ಹಿಡಿಯಿತು. ಭಾನುವಾರ ಬೆಳಗಾದರೆ ನನ್ನ ಸ್ಕೂಟರಿನಲ್ಲಿ ಕೆಲಮಂಗಲದಾಚೆಯ ಕೆರೆ ಏರಿಗೆ ಹೋಗಬೇಕು. ನೀರು, ತೂಬಿನ ಕಲ್ಲು, ಹುಣಸೆಮರ, ಕೆಳಗಿನ ರಾಗಿ ಹೊಲ. ಪ್ರತಿ ಸಲವೂ ಅವೇ ಚಿತ್ರಗಳು.

ಕೆರೆಯ ಆಚೆ ದಡದಲ್ಲಿ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡುಗಳು ಸಾಲುಗಟ್ಟಿವೆ. ಅವುಗಳ ಹಿಂದೆ ಕರೆಂಟಿನ ಗೋಪುರಗಳು ಗುಡ್ಡ ಹತ್ತಿ ಹೋಗುತ್ತವೆ. ಅಪ್ಪನ ಹಾಳೆಯಲ್ಲಿ ಮಾತ್ರ ಅಲ್ಲಿ ಬರೀ ಗುಡ್ಡ. ಮನುಷ್ಯ ಕೆಡಿಸಿದ್ದನ್ನು ತಾನೇಕೆ ಬರೆಯಬೇಕು ಎನ್ನುತ್ತಿದ್ದರು. ಕೆರೆಯನ್ನೂ ಮನುಷ್ಯರೇ ಕಟ್ಟಿದ್ದಲ್ಲವೇ ಎಂದು ಒಮ್ಮೆ ಕೇಳಿದ್ದೆ. ಅಪ್ಪ ಕುಂಚ ತೊಳೆದು ಮತ್ತೆ ಗುಡ್ಡಕ್ಕೇ ಬಣ್ಣ ಹಚ್ಚಿದರು.

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ನೀಲಿಯೆಲ್ಲ ಮಾಸಿ, ಲೋಕ ಟೀ ಚೆಲ್ಲಿದ ಬಟ್ಟೆಯ ಹಾಗೆ ಕಾಣುತ್ತದೆಂದು ಬಣ್ಣದ ಪೆಟ್ಟಿಗೆ ಮುಚ್ಚಿಟ್ಟರು. ಆಪರೇಷನ್ ಆಗಿ, ಹೊರಗೆ ಓಡಾಡಬಹುದೆಂದು ಡಾಕ್ಟರು ಹೇಳಿದ ಮೇಲೆ ಮತ್ತೆ ಏರಿಗೆ ಹೋದೆವು.

ಅಂದು ದಟ್ಟ ಮಂಜು. ಹುಣಸೆಮರಗಳು ನೆಲ ಬಿಟ್ಟು ತೇಲುವಂತಿದ್ದವು. ಮಂಜು ತೆಳುವಾದಂತೆ ದೂರದಲ್ಲಿ ನಸುನೀಲಿ ಹರವೊಂದು ಮೆಲ್ಲಗೆ ಮೂಡಿತು.

"ಕೆರೆ ಅಷ್ಟುದ್ದ ತುಂಬ್ಕೊಂಡೈತೇನಮ್ಮಾ?" ಅಂದರು ಅಪ್ಪ.

"ಅದು ನೀರಲ್ಲಪ್ಪಾ, ಗುಲಾಬಿ ಶೆಡ್ಡು."

ಹಾಗಂದರೂ ನನಗೇ ಅರೆಗಳಿಗೆ ನಂಬಿಕೆಯಿರಲಿಲ್ಲ. ಒಳಗೆ ಯಾರೋ ಹೂ ಕೊಯ್ಯುತ್ತಿದ್ದರು. ಅವರ ನೆರಳು ನೀರಡಿಯ ಮೀನಿನಂತೆ ಸರಿಯುತ್ತಿತ್ತು. ಅಪ್ಪ ಏರಿಯ ಅಂಚಿಗೆ ಹೋಗಿ ನೋಡಿದರು.

"ಚೆಂದಾಗೈತೆ ಕಣಮ್ಮ. ಇಷ್ಟ್ ದಿನ ನಾನಿದನ್ನ ನೋಡ್ನೇ ಇಲ್ಲ."

ಕೆರೆಗೂ ಶೆಡ್ಡಿಗೂ ಒಂದೇ ನೀಲಿ ಹಚ್ಚಿದರು. ಎರಡೂ ಸೇರುವಲ್ಲಿ ಒದ್ದೆ ಬಣ್ಣವನ್ನು ತನ್ನಷ್ಟಕ್ಕೆ ಹರಿಯಲು ಬಿಟ್ಟರು. ಗೋಪುರಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ಗುಡ್ಡದ ಮೇಲೆ ನಿಲ್ಲಿಸಿದರು.

ಹಾಳೆ ಒಣಗುವ ಮೊದಲೇ ಶೆಡ್ಡಿನ ಹತ್ತಿರ ಹೋಗೋಣವೆಂದರು. ಬಾಗಿಲಲ್ಲಿದ್ದ ಹೆಂಗಸು ಅಪ್ಪನನ್ನು ನೋಡಿ, ತಮಿಳಿನಲ್ಲಿ ಒಳಗೆ ಬನ್ನಿ ಎಂದು, ಹುಳ ಬಾರದಂತೆ ಇಳಿಬಿಟ್ಟಿದ್ದ ಬಲೆ ಸರಿಸಿದಳು. ಬೆಚ್ಚನೆಯ, ಹಸಿ ಎಲೆಯ ವಾಸನೆಯ ಗಾಳಿ. ಮಾಡಿನ ಮೇಲಿಂದ ಮಂಜಿನ ಹನಿಗಳು ಸಾಲುಸಾಲಾಗಿ ಜಾರುತ್ತಿದ್ದವು. ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಬೆಳಕು. ಅಪ್ಪ ತಲೆಯೆತ್ತಿ, ಹೂಸಾಲುಗಳ ನಡುವೆ ನಿಧಾನವಾಗಿ ನಡೆಯುತ್ತಾ ಹೋದರು. ನಾನು ಕರೆಯಲಿಲ್ಲ.