ಮೆಡಿಕಲ್ ಬುಕ್ಕಿಗೆ ಹತ್ತದ ಮಾತ್ರೆ

ಮಧುರಾ ಬೆಟಗೇರಿಯ ನೇಕಾರರ ಮನೆಯ ಮಗಳು. ಇಪ್ಪತ್ತೆರಡಕ್ಕೆ ಲಿಂಗರಾಜನ ಕೈಹಿಡಿದು ವಿಶಾಖಪಟ್ಟಣದ ಕಾರ್ಖಾನೆಯ ಟೌನ್‌ಶಿಪ್ಪಿಗೆ ಬಂದವಳು, ಹತ್ತೊಂಬತ್ತು ವರ್ಷ ಒಂದೇ ಕ್ವಾರ್ಟರ್ಸಿನಲ್ಲಿ ಕಳೆದಳು. ಮಕ್ಕಳಾಗಲಿಲ್ಲ. ಸೀರೆಗೆ ಫಾಲ್ ಹಚ್ಚಿಕೊಡುತ್ತ, ಹಚ್ಚಿಸಿಕೊಳ್ಳಲು ಬಂದವರನ್ನು ನಗಿಸುತ್ತ ಇದ್ದಳು. ಪಕ್ಕದ ಮನೆಯ ಹೈಮಾವತಿಯ ತಾಯಿ ಬಳ್ಳಾರಿಯವರು, ತಂದೆ ತೆಲುಗಿನವರು. ಅವಳ ಬಾಯಲ್ಲಿ ಸವೆದುಹೋಗುತ್ತಿದ್ದ ಕನ್ನಡವನ್ನು ಉಳಿಸಿದ್ದು ಮಧುರಾಳ ಹರಟೆಯೇ. ಗಂಡನಿಗೆ ವರ್ಗವಾಗಿ ಹೈಮಾವತಿ ವಿಜಯವಾಡಕ್ಕೆ ಹೋದ ಮೇಲೂ ದಿನಕ್ಕೊಂದು ಫೋನು ತಪ್ಪಲಿಲ್ಲ.

ಒಂದು ಮಧ್ಯಾಹ್ನ ಫೋನಿನಲ್ಲಿ ನಗು ಇರಲಿಲ್ಲ.

"ಹೈಮಾ, ನನಗ ಅದೆಲ್ಲ ಬ್ಯಾಡಾಗೇದ. ಮೂರು ವರ್ಷಾತು."

"ಯಾವುದೇ?"

"ಅದ ಮಾರಾಯ್ತಿ. ಗಂಡಾ ಹೆಂಡತೀದು."

"ಅಬ್ಬಾ, ಈ ವಯಸ್ಸಲ್ಲಿ ಬೇಕು ಅನ್ನೋರು ನಮ್ಮ ಬೀದಿಲಿ ಯಾರಿದಾರಮ್ಮಾ!"

"ನಗಬ್ಯಾಡ. ಅವರು ಕೇಳೋದ ಬಿಟ್ಟಾರ. ಹಾಲಿನ್ಯಾಗ ಮಲಗ್ತಾರ. ಬೈದಿದ್ರ ಚಲೋ ಇತ್ತು, ಒಂದು ಮಾತೂ ಇಲ್ಲ. ನನಗ ಮೊದಲಿನಂಗ ಆಗಬೇಕು."

ಟೌನ್‌ಶಿಪ್ಪಿನಲ್ಲಿ ಯಾರಿಗೆ ಏನೇ ಆದರೂ ಕಾರ್ಖಾನೆಯ ಆಸ್ಪತ್ರೆಯೇ. ಗಂಡನ ಹೆಸರಿನ ಮೆಡಿಕಲ್ ಬುಕ್ಕಿನಲ್ಲಿ ಹೆಂಡತಿಯ ಕೆಮ್ಮಿನಿಂದ ಹಿಡಿದು ಎಲ್ಲವೂ ದಾಖಲು. ಮಾತ್ರೆ ಎಣಿಸಿಕೊಡುವ ಕೌಂಟರಿನಾತ ಅವರ ಕೆಳಗಿನ ಮನೆಯವನು. ಹಾಗಾಗಿ ಇಬ್ಬರೂ ಸೇರಿ ವಿಜಯವಾಡದ ದಾರಿ ಹುಡುಕಿದರು. ಕನಕದುರ್ಗಮ್ಮನಿಗೆ ಶುಕ್ರವಾರದ ಹರಕೆ ಎಂದು ಮನೆಯಲ್ಲಿ ಹೇಳಿದ್ದಾಯಿತು. ಲಿಂಗರಾಜ ತಾನೇ ರೈಲಿನ ಟಿಕೆಟು ಮಾಡಿಸಿಕೊಟ್ಟ.

ಡಾಕ್ಟರ್ ಪ್ರತ್ಯೂಷಾ ಸಂಕೋಚವಿಲ್ಲದೆ ಎಲ್ಲ ಕೇಳಿದರು: ಥೈರಾಯ್ಡು, ಮುಟ್ಟು, ಮನಸ್ಸಿನ ಬೇಸರ, ಜಗಳ. ರಕ್ತ ಪರೀಕ್ಷೆ ಮಾಡಿಸಿದರು. ಮುಂದಿನ ಸಲ ಗಂಡನನ್ನೂ ಕರೆತನ್ನಿ ಎಂದದ್ದಕ್ಕೆ ಮಧುರಾ ಆಗದೆಂದು ತಲೆ ಅಲ್ಲಾಡಿಸಿದಳು. ಎರಡನೆಯ ಶುಕ್ರವಾರ ಹೋದಾಗ, ಆಸೆ ಮರಳಲೆಂದು, ದಿನಾ ರಾತ್ರಿ ಮಲಗುವ ಮುನ್ನ ನುಂಗಲು ಒಂದು ಮಾತ್ರೆ ಬರೆದರು. ಎಂಟು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಮದ್ಯ ಮುಟ್ಟಬಾರದು. ಕೆಲವು ಔಷಧಗಳ ಜೊತೆ, ಮುಖ್ಯವಾಗಿ ಚರ್ಮದ ಫಂಗಸ್ಸಿಗೆ ಕೊಡುವ ಮಾತ್ರೆಗಳ ಜೊತೆ, ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಎಚ್ಚರ ತಪ್ಪಬಹುದು. ಯಾವ ಡಾಕ್ಟರ ಬಳಿ ಹೋದರೂ ಇದನ್ನು ಹೇಳಲೇಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು.

"ಕುಡೀಬಾರದಂತ ನೋಡು," ಮೆಟ್ಟಿಲಿಳಿಯುತ್ತ ಮಧುರಾ ನಕ್ಕಳು. "ನಮ್ಮನ್ಯಾಗ ಕುಡಿಯೋದಂದ್ರ ಮಜ್ಜಿಗಿ!"

ಆ ಹಾಳೆಯನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಹೈಮಾವತಿ ಅದನ್ನು ತನ್ನ ಬೀರುವಿನಲ್ಲಿಟ್ಟಳು. ಮಾತ್ರೆ ಮಾತ್ರ ಹೋಯಿತು.

ಆರು ವಾರ ಕಳೆಯಿತು. "ನಿದ್ದಿ ಬರ್ತದ, ಆಸೆ ಬರವಲ್ದು," ಎಂದಳು ಮಧುರಾ. ಇನ್ನೆರಡು ವಾರ ನೋಡೋಣ ಎಂದಳು ಹೈಮಾವತಿ.

ಅದು ಮೇ ತಿಂಗಳು. ಸಮುದ್ರದ ಕಡೆಯ ಸೆಖೆಗೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಮಧುರಾಳಿಗೆ ಹುಳುಕಡ್ಡಿ ಎದ್ದಿತು. ಅದೂ ಫಂಗಸ್ಸೇ ಎಂದು ಅವಳಿಗೆ ಹೊಳೆಯಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ? ಬುಕ್ಕು ಹಿಡಿದು ಕಾರ್ಖಾನೆಯ ಆಸ್ಪತ್ರೆಗೆ ಹೋದಳು. ಬೇರೆ ಯಾವುದಾದರೂ ಔಷಧ ನಡೆಯುತ್ತಿದೆಯೇ ಎಂದು ಡಾಕ್ಟರು ಕೇಳಿದರು. ಬೆನ್ನ ಹಿಂದೆ ಸರದಿಯಲ್ಲಿ ಎದುರು ಮನೆಯಾಕೆ ನಿಂತಿದ್ದಳು. ಮಧುರಾ ಇಲ್ಲ ಎಂದಳು. ಬುಕ್ಕೂ ಅದನ್ನೇ ಹೇಳುತ್ತಿತ್ತು.

"ತುರಿಕಿಗೆ ಮಾತ್ರೆ ಕೊಟ್ಟಾರ," ಎಂದು ಸಂಜೆ ಫೋನಿನಲ್ಲಿ ಹೇಳಿದಳು.

"ಬೇವಿನ ಎಲೆ ಹಾಕಿ ಸ್ನಾನ ಮಾಡಮ್ಮಾ," ಎಂದಳು ಹೈಮಾವತಿ. ಹಾಳೆ ಅವಳಿಂದ ಮೂರು ಮಾರು ದೂರದಲ್ಲಿತ್ತು. ಅವಳಿಗದು ನೆನಪಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿಯಲು ಎದ್ದ ಮಧುರಾ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಬಚ್ಚಲಿನ ಸಿಮೆಂಟು ಕಟ್ಟೆ ತಲೆಗೆ ಬಡಿಯಿತು. ಮತ್ತೇನಾದರೂ ಔಷಧ ತೆಗೆದುಕೊಳ್ಳುತ್ತಿದ್ದರೇ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಲಿಂಗರಾಜ ಬುಕ್ಕು ಮುಂದೆ ಹಿಡಿದ. ಎಲ್ಲವೂ ಇದರಲ್ಲಿದೆ ಎಂದ. ಎರಡನೆಯ ದಿನ ಅವಳು ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದು ನೆಂಟರು ಊರಿಗೆ ಹೊರಟ ಮೇಲೆ ಹೈಮಾವತಿ ಲಿಂಗರಾಜನೆದುರು ಕೂತು ಎಲ್ಲವನ್ನೂ ಹೇಳಿದಳು. ಹರಕೆ ಸುಳ್ಳು ಎಂದಳು. ಹಾಳೆ ತನ್ನ ಮನೆಯಲ್ಲಿತ್ತು ಎಂದಳು. ಬೈಯಲಿ ಎಂದು ಕಾದಳು.

"ಸಕ್ಕರಿ ಕಾಯಿಲೆ ಬಂದಮ್ಯಾಲ ನನ್ನ ಕೈಲೆ ಏನೂ ಆಗ್ತಿದ್ದಿಲ್ರಿ," ಎಂದ ಅವನು. "ಯಾರ ಮುಂದ ಹೇಳ್ಲಿ? ಹಾಲಿನ್ಯಾಗ ಮಲಗಿದೆ. ಆಕಿ ಒಂದು ದಿನಾನೂ ಯಾಕಂತ ಕೇಳಲಿಲ್ಲ. ಎಂಥಾ ದೊಡ್ಡ ಮನಸು ಅಂದ್ಕೊಂಡಿದ್ದೆ."

ಹೊರಗೆ ಶಿಫ್ಟು ಬಿಟ್ಟ ಬಸ್ಸುಗಳು ಒಂದರ ಹಿಂದೊಂದು ಹಾದುಹೋದವು.

"ಅಲ್ರೀ, ನಾ ಸಿಟ್ಟಾಗೀನಂತ ತಿಳಿದಿದ್ಳೇನು ಆಕಿ?"

ಇಲ್ಲ ಎಂದುಬಿಡಬಹುದಿತ್ತು. ಹೈಮಾವತಿಗೆ ಇನ್ನೊಂದು ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ.

"ಹೂಂ ಅಣ್ಣಾ," ಎಂದಳು.